ನೆಲದಿಂದ ಎದ್ದೇಳುವ ಬಲ: ಪಾವಗಡದ ಹಳ್ಳಿಗಳಲ್ಲಿ ನನ್ನ ಅನುಭವ

ವಯಸ್ಸಾದವರು ಮಂಡಿನೋವು ಅಂದ ತಕ್ಷಣ ಮನೆಯವರು ಹೇಳುವ ಮೊದಲ ಮಾತು, 'ಇನ್ನು ಕೆಲಸ ಸಾಕು, ಒಂದು ಕಡೆ ಕೂತ್ಕೊಳ್ಳಿ' ಅಂತ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಫಿಸಿಯೋಥೆರಪಿಸ್ಟ್ ಆಗಿ ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಓಡಾಡುತ್ತಾ ನಾನು ಕಂಡಂತೆ, ಎಷ್ಟೋ ಜನ ಹಾಸಿಗೆ ಹಿಡಿಯೋದು ಇಲ್ಲಿಂದಲೇ ಶುರು. ಕೂತಷ್ಟೂ ತೊಡೆಯ ಸ್ನಾಯು ಸವೆಯುತ್ತದೆ, ಅದು ಸವೆದಷ್ಟೂ ಮಂಡಿಗೆ ಆಸರೆ ತಪ್ಪುತ್ತದೆ, ನೋವು ಹೆಚ್ಚಾಗಿ ಇನ್ನೂ ಕೂರುತ್ತಾರೆ.

ಇದಕ್ಕೆ ಏನಾದರೂ ಮಾಡಬೇಕೆಂದು ನಾವು ಕೆಲವರು ಸೇರಿದೆವು: ಒಬ್ಬರು ವೈದ್ಯರು, ಒಬ್ಬರು ಆಹಾರತಜ್ಞೆ, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಒಬ್ಬ ಮೇಷ್ಟ್ರು, ಊರಿನ ಆಶಾ ಕಾರ್ಯಕರ್ತೆಯರು, ಮತ್ತು ನಾನು. ಮೊದಲ ಸಭೆಗಳು ಬರೀ ವಾದದಲ್ಲೇ ಮುಗಿದವು. ಡಾಕ್ಟರಿಗೆ ಎಕ್ಸ್‌ರೇ ಬೇಕು, ಸಾಧ್ಯವಾದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ಆಹಾರತಜ್ಞೆಗೆ ನಿನ್ನೆ ಬೆಳಗಿನಿಂದ ರಾತ್ರಿವರೆಗೆ ಏನು ತಿಂದರು ಅನ್ನೋದು ಬೇಕು. ನನಗೆ ಕೈ ಹಿಡಿತದ ಬಲ ಮತ್ತು ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರುವ ಸಮಯ ಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿಕೊಂಡ ಗೆರೆಗಳು ನನ್ನ ಕೈಯಲ್ಲಿದ್ದವು. ಹಿಡಿತ ಗಂಡಸರಲ್ಲಿ 28 ಕೆ.ಜಿ., ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಇದ್ದರೆ ಸ್ನಾಯುವಿನ ಬಲ ಕುಗ್ಗಿದೆ ಎಂದರ್ಥ. ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಅದೂ ಎಚ್ಚರಿಕೆಯ ಗುರುತು.

ಕುರ್ಚಿಯ ಪರೀಕ್ಷೆ ಮಾಡಿಸುವಾಗ ಒಬ್ಬ ಅಜ್ಜಿ ಕೇಳಿದ ಮಾತು ನಮ್ಮ ವಾದಕ್ಕೆಲ್ಲ ಒಂದು ದಾರಿ ತೋರಿಸಿತು. 'ಈ ಕುರ್ಚಿ ಮೇಲೆ ಕೂತು ನಾನೇನ್ ಮಾಡ್ಲವ್ವ? ನೆಲದಿಂದ ಏಳೋಕಾಗಲ್ಲ. ಅದಕ್ಕೇನಾದ್ರೂ ಮಾಡು.'

ಊಟ ನೆಲದ ಮೇಲೆ, ಕಡಲೆಕಾಯಿ ಬಿಡಿಸೋದು ನೆಲದ ಮೇಲೆ, ಮಲಗೋದು ಚಾಪೆ ಮೇಲೆ. ಎದ್ದೇಳೋಕೆ ಆಗದಿದ್ದರೆ ಇದೆಲ್ಲಕ್ಕೂ ಇನ್ನೊಬ್ಬರ ಕೈ ಕಾಯಬೇಕು. ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ನೆಲಕ್ಕೆ ಕೂತು ಏಳುವುದಕ್ಕೇ ಅಂಕ ಕೊಡುವ ಪರೀಕ್ಷೆ ಇದೆ: ಕೂರಲು 5, ಏಳಲು 5. ಕೈ, ಮೊಣಕಾಲು ಏನೇ ಊರಿದರೂ ಒಂದೊಂದು ಅಂಕ ಕಡಿತ. 51ರಿಂದ 80 ವಯಸ್ಸಿನ 2,002 ಜನರ ಮೇಲೆ ಅಲ್ಲಿನ ಸಂಶೋಧಕರು ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು. ಕುರ್ಚಿಯ ಜೊತೆಗೆ ನಾವು ಇದನ್ನೂ ಸೇರಿಸಿಕೊಂಡೆವು.

ಆ ಅಜ್ಜಿ ಏಳುವುದನ್ನು ನಾವೆಲ್ಲ ಒಟ್ಟಿಗೆ ನಿಂತು ನೋಡಿದೆವು. ಮೊದಲು ಬಲಗೈ ನೆಲಕ್ಕೆ ಊರಿದರು. ಎಡಗೈ ಕಂಬ ಹುಡುಕಿತು. ಬೆನ್ನು ಬಗ್ಗದೆ ಹಲಗೆಯಂತೆ ನೇರ ನಿಂತಿತ್ತು. ಒಂದು ಮೊಣಕಾಲ ಮೇಲೆ ಬಂದರು, ಇನ್ನೊಂದು ಪಾದ ಮುಂದಿಟ್ಟರು, ತೊಡೆ ಗಡಗಡ ನಡುಗಿತು. ನಿಂತ ಮೇಲೆ ಕಣ್ಣು ಮುಚ್ಚಿ ಕಂಬ ಹಿಡಿದೇ ಇದ್ದರು. ತೊಡೆಯ ನಡುಕ ನನ್ನ ವಿಷಯ. ಕಣ್ಣು ಮುಚ್ಚಿದ್ದು ಡಾಕ್ಟರ ಕಣ್ಣಿಗೆ ಬಿತ್ತು: ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಒಮ್ಮೆ ಬಿ.ಪಿ. ನೋಡಿದರು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬೀಳುವ ಅಪಾಯ ಇದ್ದೇ ಇದೆ. ಇಳಿದಿತ್ತು; ಮಾತ್ರೆಯ ಪ್ರಮಾಣವನ್ನು ಅವರೇ ಸರಿಮಾಡಿದರು. ಬಗ್ಗದ ಬೆನ್ನನ್ನು ನೋಡಿದ ಭೂವಿಜ್ಞಾನದ ಮೇಷ್ಟ್ರು ಮಾತ್ರ ಯಾವ ಬೋರ್‌ವೆಲ್ ನೀರು ಕುಡಿಯುತ್ತೀರಿ ಎಂದು ವಿಚಾರಿಸಿದರು.

ಪಾವಗಡದಲ್ಲಿ ಆ ಪ್ರಶ್ನೆ ಕೇಳದೆ ಮೂಳೆಯ ಬಗ್ಗೆ ಮಾತಾಡುವಂತಿಲ್ಲ. ಇಲ್ಲಿನ ಕಲ್ಲಿನಿಂದ ಅಂತರ್ಜಲಕ್ಕೆ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರಲ್ಲಿ ಬೆನ್ನು, ಕುತ್ತಿಗೆಯ ಮೂಳೆಗಳನ್ನು ಜೋಡಿಸುವ ಕಟ್ಟುಗಳು ಸುಣ್ಣಗಟ್ಟಿ ಬಿಗಿಯಾಗುತ್ತವೆ. ಡೆಕ್ಸಾ ಸ್ಕ್ಯಾನ್ ಇಲ್ಲಿ ದಾರಿ ತಪ್ಪಿಸುವುದೂ ಇದರಿಂದಲೇ. ಫ್ಲೋರೈಡ್ ಮೂಳೆಯ ಸಾಂದ್ರತೆ ಏರಿಸುತ್ತದೆ, ಮೂಳೆಯನ್ನು ಗಟ್ಟಿ ಮಾಡುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಮೂಳೆ ಸವೆತಕ್ಕೆ ಫ್ಲೋರೈಡನ್ನೇ ಔಷಧಿಯಾಗಿ ಕೊಟ್ಟು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆನ್ನುಮೂಳೆಯ ಸಾಂದ್ರತೆ ಚೆನ್ನಾಗಿ ಏರಿತು, ಬೆನ್ನಿನ ಮುರಿತ ಕಡಿಮೆಯಾಗಲಿಲ್ಲ, ಉಳಿದ ಮೂಳೆಗಳ ಮುರಿತ ಹೆಚ್ಚಾಯಿತು. ಈ ವಿಷಯವನ್ನು ಮೇಷ್ಟ್ರೂ ಡಾಕ್ಟರೂ ಒಂದೇ ಮೇಜಿನ ಮೇಲೆ ಚರ್ಚಿಸಿದ ದಿನ ನನಗೆ ನಮ್ಮ ಗುಂಪಿನ ಮೇಲೆ ನಂಬಿಕೆ ಬಂತು. ಶುದ್ಧ ನೀರಿನ ಘಟಕದಿಂದ ಕುಡಿಯಲು ತರುವವರೂ ಸಾರಿಗೆ, ಮುದ್ದೆಗೆ ಬೋರ್ ನೀರೇ ಬಳಸುತ್ತಾರೆ ಅನ್ನೋದನ್ನು ಪತ್ತೆ ಹಚ್ಚಿದ್ದು ಆಶಾ ಕಾರ್ಯಕರ್ತೆಯರು. ಅಡುಗೆಗೂ ಘಟಕದ ನೀರನ್ನೇ ತರಬೇಕೆಂದು ಮನೆಮನೆಗೆ ಹೇಳಿದವರೂ ಅವರೇ, ಕನ್ನಡದಲ್ಲೂ ತೆಲುಗಿನಲ್ಲೂ.

ಊಟದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಕೊರತೆ ಇರುವುದು ಪ್ರೋಟೀನಿನದು. ವಯಸ್ಸಾದವರಿಗೆ ದೇಹದ ತೂಕದ ಕೆ.ಜಿ.ಗೆ ಒಂದು ಗ್ರಾಂ ಆದರೂ ಬೇಕು. ಐವತ್ತು ಕೆ.ಜಿ. ಅಜ್ಜಿಗೆ ಐವತ್ತು ಗ್ರಾಂ. ಹಲ್ಲಿಲ್ಲ ಅಂತ ಕಾಳು ಬಿಟ್ಟು ಬರೀ ಕಟ್ಟು ಕುಡಿಯುವವರೇ ಜಾಸ್ತಿ. ಹುರುಳಿಕಾಳನ್ನು ಮೆತ್ತಗೆ ಬೇಯಿಸಿ ಮಸೆದು ಸಾರಿಗೆ ಸೇರಿಸಿ, ದಿನಕ್ಕೊಂದು ಮೊಟ್ಟೆ ಅಥವಾ ಎರಡು ಲೋಟ ಹಾಲು ಕೊಡಿ ಎಂದು ಆಹಾರತಜ್ಞೆ ಸೊಸೆಯಂದಿರ ಜೊತೆ ಒಲೆ ಮುಂದೆ ಕೂತು ತೋರಿಸಿಕೊಟ್ಟರು. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಡಾಕ್ಟರನ್ನು ಕೇಳಿಯೇ.

ವ್ಯಾಯಾಮ ನನ್ನ ಪಾಲು. ಬರೀ ವಾಕಿಂಗ್‌ನಿಂದ ತೊಡೆಗೆ ಬೇಕಾದ ಬಲ ಬರುವುದಿಲ್ಲ, ಭಾರ ಬೇಕು, ಆ ಭಾರ ಏರುತ್ತಾ ಹೋಗಬೇಕು. ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ಸಂಶೋಧಕಿ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಭಾರ ಎತ್ತಿಸಿ 1990ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕೊನೆಯವರೆಗೆ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174% ಏರಿತ್ತು. ಇದನ್ನು ಓದಿದ ಮೇಲೆ ಎಂಬತ್ತರ ಅಜ್ಜನಿಗೆ 'ಇನ್ನೇನು ಬಿಡಿ' ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಚೀಲ ಹೊಲಿಸಿ, ಮರಳು ತುಂಬಿ ಕಾಲಿಗೆ ಕಟ್ಟಿದೆವು, ಅರ್ಧ ಕೆ.ಜಿ.ಯಿಂದ ಶುರು. ಹತ್ತು ಸಲ ಕಾಲು ನೀಡಿದ ಮೇಲೂ ಇನ್ನೂ ಮಾಡಬಲ್ಲೆ ಎಂದರೆ ಮರಳು ಹೆಚ್ಚಿಸುವುದು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಗೋಡೆಗೆ ಒತ್ತಿಯೇ ಇಡಬೇಕು. ನೆಲದಿಂದ ಏಳುವುದನ್ನು ಹಂತ ಹಂತವಾಗಿ ಅಭ್ಯಾಸ ಮಾಡಿಸಿದೆ: ಮೊದಲು ಎತ್ತರದ ಜಗಲಿಯಿಂದ, ಆಮೇಲೆ ಗಿಡ್ಡ ಸ್ಟೂಲಿನಿಂದ, ಆಮೇಲೆ ಮಣೆಯಿಂದ, ಕೊನೆಗೆ ಚಾಪೆಯಿಂದ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮಾರನೇ ದಿನಕ್ಕೂ ಉಳಿದರೆ, ಮಂಡಿ ಊದಿಕೊಂಡರೆ ಭಾರ ಇಳಿಸುತ್ತೇನೆ. ಇದ್ದಕ್ಕಿದ್ದಂತೆ ಬೆನ್ನಿನಲ್ಲಿ ಜೋರು ನೋವು ಬಂದವರಿಗೆ, ಕಾಲು ಜೋಮು ಹಿಡಿದು ಬಲ ಕಳೆದುಕೊಂಡವರಿಗೆ ವ್ಯಾಯಾಮ ನಿಲ್ಲಿಸಿ ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ.

ಆ ಅಜ್ಜಿ ಈಗ ಮಣೆಯಿಂದ ಒಂದು ಕೈ ಮಾತ್ರ ಊರಿ ಏಳುತ್ತಾರೆ. ಅವರ ಬೆನ್ನು ಮೊದಲಿನಷ್ಟೇ ಬಿಗಿ ಇದೆ. ಸುಣ್ಣಗಟ್ಟಿದ್ದನ್ನು ವ್ಯಾಯಾಮ ಬಿಡಿಸಲಾರದು. ಹಾಗಾಗಿ ನಮ್ಮ ಸಭೆಯಲ್ಲಿ ಈಗ ನಡೆದಿರುವ ಚರ್ಚೆ ಬೇರೆ. ಬೆನ್ನು ಬಗ್ಗದವರಿಗೆ ಬ್ರೆಜಿಲ್‌ನ ಅಂಕವನ್ನು ಹಾಗೇ ಕೊಟ್ಟರೆ ಬಲ ಇದ್ದರೂ ಅಂಕ ಕಡಿಮೆ ಬೀಳುತ್ತದೆ. ಬಿಗಿತವನ್ನೂ ಬಲವನ್ನೂ ಬೇರೆ ಬೇರೆ ಬರೆದಿಡಲು ಹೊಸ ನಮೂನೆ ಮಾಡಿದ್ದೇವೆ, ಪ್ರತಿ ಹೆಸರಿನ ಮುಂದೆ ಅವರು ಕುಡಿದ ನೀರಿನ ಫ್ಲೋರೈಡ್ ಪ್ರಮಾಣಕ್ಕೂ ಒಂದು ಕಾಲಂ ಇದೆ.