ಹಳೆಯ ಇಮೇಲ್ ಅಳಿಯದಂತೆ ಕಾಪಾಡಿಕೊಳ್ಳುವುದು ಹೇಗೆ?

ಬೆಂಗಳೂರಿನಲ್ಲಿ ಫ್ಲ್ಯಾಟ್ ಮಾರಲು ಹೊರಟಾಗ ಕೊಳ್ಳುವವರ ವಕೀಲರು ಕೇಳುವ ಕಾಗದಗಳಲ್ಲಿ ಎಷ್ಟೋ ಈಗ ಕಾಗದವೇ ಅಲ್ಲ. ಬಿಲ್ಡರ್ ಕಳುಹಿಸಿದ ಕಂತಿನ ರಸೀದಿ, ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಬಂದ ಪತ್ರ, ಅದಲ್ಲದೆ ಬೇರೆ ಕೆಲಸಕ್ಕೆ ಬೇಕಾಗುವ ಹಳೆಯ ಕಂಪನಿಯ ಫಾರ್ಮ್ 16, ರಿಲೀವಿಂಗ್ ಲೆಟರ್ ಎಲ್ಲವೂ ಯಾವುದೋ ವರ್ಷದ ಇಮೇಲಿನಲ್ಲಿ ಕೂತಿರುತ್ತವೆ. ಚಿಕ್ಕಪೇಟೆಯ ಸಣ್ಣ ವ್ಯಾಪಾರಿಗೂ ಇದೇ ಪಾಡು. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಆದರೆ ಇನ್‌ವಾಯ್ಸ್‌ಗಳು ಬರುವುದು ಮೇಲ್‌ಗೆ. ಬೇಕಾದ ದಿನ ಹುಡುಕಿದರೆ ಸಿಗುವುದಿಲ್ಲ, ‘ತಾನಾಗಿಯೇ ಹೋಗಿಬಿಟ್ಟಿದೆ’ ಎನ್ನುತ್ತೇವೆ.

ಯಾವ ಮೇಲೂ ತಾನಾಗಿ ಹೋಗುವುದಿಲ್ಲ. ಎಲ್ಲೋ ಒಂದು ನಿಯಮ ಅದನ್ನು ಅಳಿಸಿರುತ್ತದೆ. ಆ ನಿಯಮ ಮೇಲ್ ಕೊಡುವ ಕಂಪನಿಯದೋ, ಕಂಪ್ಯೂಟರಿನಲ್ಲಿರುವ ಮೇಲ್ ತಂತ್ರಾಂಶದ್ದೋ, ನೌಕರಿ ಮಾಡುವ ಕಚೇರಿಯದೋ ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಒಂದು ಕಡೆಯ ನಿಯಮವನ್ನು ಇನ್ನೊಂದು ಕಡೆಯ ಸೆಟ್ಟಿಂಗ್‌ನಿಂದ ತಡೆಯಲಾಗದು.

ಮೊದಲು ಕಸದ ಬುಟ್ಟಿ ನೋಡಿ

ಜಿಮೇಲ್‌ನಲ್ಲಿ ಟ್ರ್ಯಾಶ್ ಮತ್ತು ಸ್ಪ್ಯಾಮ್‌ಗೆ ಬಿದ್ದ ಮೇಲ್ 30 ದಿನ ಕಳೆದರೆ ಶಾಶ್ವತವಾಗಿ ಅಳಿಯುತ್ತದೆ. ಈ ಗಡುವನ್ನು ಬದಲಿಸುವ ಅವಕಾಶವಿಲ್ಲ. ನಕ್ಷತ್ರದ ಗುರುತು ಹಾಕಿದರೆ ಉಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಟ್ರ್ಯಾಶ್‌ನಲ್ಲಿರುವ ಮೇಲ್‌ಗೆ ನಕ್ಷತ್ರವಿದ್ದರೂ ಅಳಿಯುತ್ತದೆ. ಉಳಿಸಬೇಕಾದರೆ ಅದನ್ನು ಅಲ್ಲಿಂದ ಇನ್‌ಬಾಕ್ಸ್‌ಗೆ ಸರಿಸಲೇಬೇಕು.

ಆದರೆ ಬೇಕಾದ ಮೇಲ್ ಟ್ರ್ಯಾಶ್‌ಗೆ ಹೋಗುವುದಾದರೂ ಹೇಗೆ? ಹೆಚ್ಚಾಗಿ ಮೂರು ದಾರಿ. ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನು ಒಂದು ಸರಪಳಿಯಾಗಿ ಪೋಣಿಸಿ ತೋರಿಸುತ್ತದೆ. ಪಟ್ಟಿಯಲ್ಲಿ ಮೇಲೆ ಕಾಣುವ ‘ಓಕೆ ಸರ್, ಥ್ಯಾಂಕ್ಸ್’ ಬೇಡವೆಂದು ಅಳಿಸಿದರೆ, ಅದರ ಕೆಳಗೆ ಮೂರು ವರ್ಷದ ಹಿಂದೆ ಬಂದ ಬಾಡಿಗೆ ಕರಾರು ಕೂಡ ಜೊತೆಗೇ ಹೋಗುತ್ತದೆ. ಒಂದನ್ನೇ ಅಳಿಸಬೇಕಿದ್ದರೆ ಸರಪಳಿ ತೆರೆದು, ಆ ಸಂದೇಶದ ಪಕ್ಕದ ಮೂರು ಚುಕ್ಕೆ ಒತ್ತಿ ‘ಈ ಸಂದೇಶ ಅಳಿಸಿ’ ಆಯ್ದುಕೊಳ್ಳಬೇಕು.

ಎರಡನೆಯದು ಫೋನಿನಲ್ಲಿ ಬೆರಳು ಜಾರುವುದು. ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಮೇಲ್ ಸರಿಸುವವರಿಗೆ ಇದು ಸುಲಭವಾಗಿ ಆಗುತ್ತದೆ. ಜಿಮೇಲ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸ್ವೈಪ್ ಆ್ಯಕ್ಷನ್ಸ್’ ಹುಡುಕಿ, ಎಡಕ್ಕೂ ಬಲಕ್ಕೂ ‘ಆರ್ಕೈವ್’ ಇದೆಯೇ ನೋಡಿ. ‘ಡಿಲೀಟ್’ ಇದ್ದರೆ ಬದಲಿಸಿ. ಆರ್ಕೈವ್ ಮಾಡಿದ ಮೇಲ್ ಇನ್‌ಬಾಕ್ಸ್‌ನಿಂದ ಮರೆಯಾದರೂ ‘ಆಲ್ ಮೇಲ್’ನಲ್ಲಿ ಇದ್ದೇ ಇರುತ್ತದೆ.

ಮೂರನೆಯದು ಎಂದೋ ಹಾಕಿ ಮರೆತ ಫಿಲ್ಟರ್. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಎಲ್ಲ ಸೆಟ್ಟಿಂಗ್ಸ್, ನಂತರ ‘ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್’ ಪುಟಕ್ಕೆ ಹೋಗಿ ಪ್ರತಿ ಸಾಲನ್ನೂ ಓದಿ. ಬ್ಯಾಂಕಿನ ಜಾಹೀರಾತು ಮೇಲ್‌ಗಳ ಕಾಟ ತಾಳಲಾರದೆ ಹಾಕಿದ ‘ಡಿಲೀಟ್ ಇಟ್’ ಫಿಲ್ಟರ್ ಅದೇ ಬ್ಯಾಂಕಿನ ಸ್ಟೇಟ್‌ಮೆಂಟನ್ನೂ ನುಂಗುತ್ತಿರಬಹುದು.

ಅಲ್ಲಿಯೇ ಒಂದು ಒಳ್ಳೆಯ ಫಿಲ್ಟರನ್ನೂ ಮಾಡಿಡಿ. ಮೇಲ್ ಹುಡುಕುವ ಪೆಟ್ಟಿಗೆಯ ತುದಿಯ ಗುರುತನ್ನು ಒತ್ತಿ, ‘ಫ್ರಮ್’ ಜಾಗದಲ್ಲಿ ಬ್ಯಾಂಕ್, ಲೆಕ್ಕಪರಿಶೋಧಕರು, ಅಪಾರ್ಟ್‌ಮೆಂಟ್ ಸಂಘ ಇವರ ವಿಳಾಸ ಕೊಟ್ಟು, ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಮತ್ತು ‘ಅಪ್ಲೈ ದ ಲೇಬಲ್’ ಎರಡಕ್ಕೂ ಟಿಕ್ ಹಾಕಿ. ಲೇಬಲ್‌ಗೆ ‘ಕಡತ’ ಎಂದು ಹೆಸರಿಟ್ಟರೆ ಸಾಕು. ಹೊಂದುವ ಹಳೆಯ ಮೇಲ್‌ಗಳಿಗೂ ಅನ್ವಯಿಸಬೇಕೇ ಎಂದು ಕೆಳಗೆ ಕೇಳುವ ಟಿಕ್ಕನ್ನು ಮರೆಯಬೇಡಿ. ಅದಿಲ್ಲದೆ ಇಂದಿನಿಂದ ಬರುವ ಮೇಲ್‌ಗಳಿಗಷ್ಟೇ ಲೇಬಲ್ ಬೀಳುತ್ತದೆ. ಈ ಲೇಬಲ್ ಮುಂದೆ ಪ್ರತಿ ತೆಗೆಯುವಾಗ ಕೆಲಸಕ್ಕೆ ಬರುತ್ತದೆ.

ಥಂಡರ್‌ಬರ್ಡ್, ಔಟ್‌ಲುಕ್ ಬಳಸುವವರಿಗೆ

ಇಂಥ ಮೇಲ್ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಕೊಂಡು ಮೇಲ್ ನೋಡುವವರಿಗೆ ನಿಜವಾದ ಅಪಾಯ ಇಲ್ಲಿದೆ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್ ತೆರೆದು, ನಿಮ್ಮ ಖಾತೆಯ ಕೆಳಗಿನ ‘ಸಿಂಕ್ರೊನೈಸೇಶನ್ ಆ್ಯಂಡ್ ಸ್ಟೋರೇಜ್’ ಒತ್ತಿ. (ಪಾಪ್ ಖಾತೆ, ಅಂದರೆ ಮೇಲ್ ಕಂಪನಿಯ ಕಂಪ್ಯೂಟರಾದ ಸರ್ವರ್‌ನಿಂದ ಮೇಲ್‌ಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯ ಖಾತೆಯಾದರೆ ಅದರ ಹೆಸರು ‘ಡಿಸ್ಕ್ ಸ್ಪೇಸ್’.) ಡಿಸ್ಕಿನ ಜಾಗ ಉಳಿಸಲು ಹಳೆಯ ಮೇಲ್‌ಗಳನ್ನು ಅಳಿಸುವ ಮೂರು ಆಯ್ಕೆ ಅಲ್ಲಿರುತ್ತವೆ: ಯಾವುದನ್ನೂ ಅಳಿಸಬೇಡ, ಇತ್ತೀಚಿನ ಇಷ್ಟು ಮೇಲ್ ಬಿಟ್ಟು ಉಳಿದದ್ದನ್ನು ಅಳಿಸು, ಇಷ್ಟು ದಿನಕ್ಕಿಂತ ಹಳೆಯದನ್ನು ಅಳಿಸು. ಮೊದಲನೆಯದರಲ್ಲೇ ಗುರುತು ಇರಬೇಕು. ಲ್ಯಾಪ್‌ಟಾಪ್ ನಿಧಾನವಾಯಿತೆಂದು ‘365 ದಿನ’ ಹಾಕುವವರಿಗೆ ಒಂದು ಮಾತು ಗೊತ್ತಿರುವುದಿಲ್ಲ. ಅದು ಕಂಪ್ಯೂಟರಿನ ಪ್ರತಿಯನ್ನು ಮಾತ್ರ ಅಳಿಸುವುದಿಲ್ಲ, ಸರ್ವರ್‌ನಲ್ಲಿರುವ ಮೂಲವನ್ನೂ ಅಳಿಸುತ್ತದೆ. ಆಮೇಲೆ ಫೋನಿನಲ್ಲಿ ಹುಡುಕಿದರೂ ಇಲ್ಲ, ಬ್ರೌಸರ್‌ನಲ್ಲಿ ಹುಡುಕಿದರೂ ಇಲ್ಲ.

ಹಳೆಯದನ್ನು ಅಳಿಸಲೇಬೇಕು, ಆದರೆ ಕೆಲವು ಉಳಿಯಬೇಕು ಎನ್ನುವವರಿಗೆ ಅಲ್ಲಿಯೇ ‘ಆಲ್ವೇಸ್ ಕೀಪ್ ಸ್ಟಾರ್ಡ್ ಮೆಸೇಜಸ್’ ಎಂಬ ಟಿಕ್ ಇದೆ. ನಕ್ಷತ್ರ ಕಾವಲು ಕಾಯುವುದು ಇಲ್ಲಿ, ಜಿಮೇಲ್‌ನ ಟ್ರ್ಯಾಶ್‌ನಲ್ಲಲ್ಲ. ಮೊದಲು ನಕ್ಷತ್ರ ಹಾಕಿ ಮುಗಿಸಿ, ಆಮೇಲೆ ಅಳಿಸುವ ನಿಯಮ ಹಾಕಿ. ಕ್ರಮ ತಿರುಗಿದರೆ ನಕ್ಷತ್ರ ಹಾಕಲು ಮೇಲ್ ಉಳಿದಿರುವುದಿಲ್ಲ.

ಖಾತೆಯ ನಿಯಮ ಸರಿಯಿದ್ದರೂ ಫೋಲ್ಡರಿಗೆ ಪ್ರತ್ಯೇಕ ನಿಯಮ ಇರಬಹುದು. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅದರಲ್ಲಿ ‘ರಿಟೆನ್ಷನ್ ಪಾಲಿಸಿ’ (ಮೇಲ್ ಎಷ್ಟು ಕಾಲ ಇಡಬೇಕೆಂಬ ನಿಯಮ) ನೋಡಿ. ಖಾತೆಯ ಸೆಟ್ಟಿಂಗ್ ಬಳಸು ಎಂಬ ಟಿಕ್ ತೆಗೆದು, ಮುಖ್ಯ ಕಡತಗಳ ಫೋಲ್ಡರಿಗೆ ‘ಯಾವುದನ್ನೂ ಅಳಿಸಬೇಡ’ ಎಂದು ಬೇರೆಯಾಗಿಯೇ ಕೊಟ್ಟುಬಿಡುವುದು ಕ್ಷೇಮ. ನಾಳೆ ಯಾರಾದರೂ ಖಾತೆಯ ನಿಯಮ ಬದಲಿಸಿದರೂ ಈ ಫೋಲ್ಡರ್ ಅಲುಗುವುದಿಲ್ಲ. ಪಾಪ್ ಖಾತೆಯವರು ‘ಸರ್ವರ್ ಸೆಟ್ಟಿಂಗ್ಸ್’ನಲ್ಲಿ ಇನ್ನೊಂದನ್ನು ನೋಡಬೇಕು: ಮೇಲ್‌ಗಳನ್ನು ಸರ್ವರ್‌ನಲ್ಲಿ ಬಿಡು ಎಂಬುದರ ಕೆಳಗೆ ‘14 ದಿನ ಮಾತ್ರ’ ಎಂಬ ಟಿಕ್ ಇದ್ದರೆ, ಎರಡು ವಾರದ ನಂತರ ಆ ಮೇಲ್ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಉಳಿದಿರುತ್ತದೆ.

ಔಟ್‌ಲುಕ್‌ನ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ‘ಆಟೊಆರ್ಕೈವ್’ ಎಂಬುದಿದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ದಾರಿಯಲ್ಲಿ ಹೋದರೆ ಸಿಗುತ್ತದೆ. ಚಾಲೂ ಇದ್ದರೆ ಸಾಮಾನ್ಯವಾಗಿ 14 ದಿನಕ್ಕೊಮ್ಮೆ ಓಡಿ ಹಳೆಯ ಮೇಲ್‌ಗಳನ್ನು ಎತ್ತಿಡುತ್ತದೆ. ಅಲ್ಲಿ ‘ಪರ್ಮನೆಂಟ್ಲಿ ಡಿಲೀಟ್ ಓಲ್ಡ್ ಐಟಮ್ಸ್’ ಗುರುತಾಗಿದ್ದರೆ ತಕ್ಷಣ ತೆಗೆಯಿರಿ. ‘ಮೂವ್’ ಎಂದಿದ್ದರೆ ಮೇಲ್ ಅಳಿದಿಲ್ಲ, ಔಟ್‌ಲುಕ್ ಮೇಲ್ ಕೂಡಿಡುವ, ಕಂಪ್ಯೂಟರಿನೊಳಗಿನ ಪಿಎಸ್‌ಟಿ ಕಡತಕ್ಕೆ ಹೋಗಿದೆ. ಬೇರೆ ಎಲ್ಲೂ ಅದರ ಪ್ರತಿ ಇಲ್ಲ. ಆ ಲ್ಯಾಪ್‌ಟಾಪನ್ನು ಎಸ್.ಪಿ. ರಸ್ತೆಗೆ ಒಯ್ದು ಫಾರ್ಮ್ಯಾಟ್ ಮಾಡಿಸಿದ ದಿನ ಹತ್ತು ವರ್ಷದ ಮೇಲ್ ಅಲ್ಲಿಯೇ ಮುಗಿಯುತ್ತದೆ. ಕೊಡುವ ಮೊದಲು ಡಾಕ್ಯುಮೆಂಟ್ಸ್ ಒಳಗಿನ ‘ಔಟ್‌ಲುಕ್ ಫೈಲ್ಸ್’ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ನಕಲು ಮಾಡುವಾಗ ಔಟ್‌ಲುಕ್ ಮುಚ್ಚಿರಬೇಕು.

ಕಚೇರಿಯ ಮೇಲ್

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಇರುವವರ ಮೇಲ್‌ಗೆ ಕಂಪನಿಯ ನಿಯಮವೇ ಕೊನೆಯದು. ಔಟ್‌ಲುಕ್‌ನಲ್ಲಿ ಇಮೇಲಿನ ತಲೆಭಾಗದಲ್ಲಿ ಅವಧಿ ಮುಗಿಯುವ ದಿನಾಂಕ ಕಂಡರೆ ರಿಟೆನ್ಷನ್ ಪಾಲಿಸಿ ಇದೆ ಎಂದರ್ಥ. ‘ಅಸೈನ್ ಪಾಲಿಸಿ’ಯಲ್ಲಿ ಹೆಚ್ಚು ವರ್ಷದ ಅಥವಾ ‘ನೆವರ್ ಡಿಲೀಟ್’ ಆಯ್ಕೆ ಕೊಟ್ಟಿದ್ದರೆ ಬಳಸಿ, ಇಲ್ಲದಿದ್ದರೆ ಐಟಿ ವಿಭಾಗವನ್ನು ಕೇಳಿ. ಅಳಿಸಿದ್ದನ್ನು ಡಿಲೀಟೆಡ್ ಐಟಮ್ಸ್‌ನಿಂದಲೂ ತೆಗೆದಿದ್ದರೆ ‘ರಿಕವರ್ ಡಿಲೀಟೆಡ್ ಐಟಮ್ಸ್’ನಲ್ಲಿ ಸಾಮಾನ್ಯವಾಗಿ 14 ದಿನ ಸಿಗುತ್ತದೆ, ಕಂಪನಿ ಮನಸ್ಸು ಮಾಡಿದ್ದರೆ 30 ದಿನ. ಕೆಲಸ ಬಿಡುವವರು ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪತ್ರಗಳನ್ನು ಎಚ್‌ಆರ್‌ನಿಂದ ಸ್ವಂತ ವಿಳಾಸಕ್ಕೆ ತರಿಸಿಕೊಳ್ಳಬೇಕು. ಕಂಪನಿಯ ವ್ಯವಹಾರದ ಮೇಲ್‌ಗಳನ್ನು ಹಾಗೆ ಸಾಗಿಸಲು ಹೋಗಬೇಡಿ.

ಖಾತೆಯೇ ಹೋದರೆ?

ಎರಡು ವರ್ಷ ಬಳಸದ ವೈಯಕ್ತಿಕ ಗೂಗಲ್ ಖಾತೆಯನ್ನು ಅಳಿಸುವ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಮೈಕ್ರೋಸಾಫ್ಟ್ ಖಾತೆಗೂ ಎರಡು ವರ್ಷವೇ ಗಡುವು. ಯಾಹೂ ಮೇಲ್‌ಗೆ 12 ತಿಂಗಳು ಮಾತ್ರ. ಮೊದಲ ಕೆಲಸಕ್ಕೆ ಅರ್ಜಿ ಹಾಕಿದ ಹಳೆಯ ಯಾಹೂ ವಿಳಾಸ ಇನ್ನೂ ಯಾವುದಾದರೂ ಮ್ಯೂಚುವಲ್ ಫಂಡ್‌ಗೆ ಜೋಡಣೆಯಾಗಿದ್ದರೆ ಇಂದೇ ಲಾಗಿನ್ ಆಗಿ, ಆರು ತಿಂಗಳಿಗೊಂದು ನೆನಪೋಲೆ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿ. ಗೂಗಲ್ ಅಳಿಸುವ ಮೊದಲು, ಖಾತೆ ಮರಳಿ ಪಡೆಯಲೆಂದು ನೀವು ಕೊಟ್ಟ ರಿಕವರಿ ಇಮೇಲ್‌ಗೂ ಎಚ್ಚರಿಕೆ ಕಳುಹಿಸುತ್ತದೆ, ಆದ್ದರಿಂದ ಆ ವಿಳಾಸ ಬದುಕಿರಬೇಕು. ತಂದೆ ತಾಯಿಯ ಖಾತೆಯಾದರೆ, ಅವರು ಇರುವಾಗಲೇ, ಬಳಸದೆ ನಿಂತ ಖಾತೆಯ ಮಾಹಿತಿ ಯಾರಿಗೆ ಸಿಗಬೇಕೆಂದು ಮೊದಲೇ ಹೇಳಿಡುವ ಗೂಗಲ್‌ನ ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ನಲ್ಲಿ ಮನೆಯವರೊಬ್ಬರ ಹೆಸರು ಸೇರಿಸಿಕೊಳ್ಳಲಿ.

ಜಾಗ ತುಂಬುವುದೂ ಇದೇ ಸಾಲಿಗೆ ಸೇರಿದ್ದು. ಗೂಗಲ್ ಕೊಡುವ ಉಚಿತ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೊ ಎಲ್ಲವೂ ಬರುತ್ತವೆ, ಈಗ ಆ್ಯಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಬ್ಯಾಕಪ್ ಕೂಡ. ಮಿತಿ ಮೀರಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಎರಡು ವರ್ಷ ಹಾಗೆಯೇ ಬಿಟ್ಟರೆ ಒಳಗಿರುವುದನ್ನು ಅಳಿಸಬಹುದು ಎಂದು ನಿಯಮ ಹೇಳುತ್ತದೆ. ಮದುವೆಯ ವಿಡಿಯೊ ಉಳಿಸಲು ಮೇಲ್ ಅಳಿಸುವ ಬದಲು ವಿಡಿಯೊವನ್ನು ಡಿಸ್ಕಿಗೆ ಹಾಕಿಕೊಳ್ಳಿ, ನೂರಾರು ಮೇಲ್‌ಗಳ ಜಾಗವನ್ನು ಅದೊಂದೇ ತಿಂದಿರುತ್ತದೆ.

ಪ್ರತಿ ತೆಗೆದಿಡುವುದು

ಎಲ್ಲ ಕಡೆಯೂ ಒಂದೇ ಮೇಲ್ ಕಾಣುವುದು ಬ್ಯಾಕಪ್ ಅಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಹೋಗುವುದು ಅದಕ್ಕೇ. ಖಾತೆಯಲ್ಲಿರುವುದರ ಪ್ರತಿ ಇಳಿಸಿಕೊಳ್ಳಲು ಗೂಗಲ್ಲೇ ಕೊಡುವ ಪುಟವಿದೆ. ಗೂಗಲ್ ಟೇಕ್‌ಔಟ್ ತೆರೆದು, ಎಲ್ಲದರ ಟಿಕ್ ತೆಗೆದು ‘ಮೇಲ್’ ಒಂದನ್ನೇ ಆರಿಸಿ. ಅದರ ಕೆಳಗಿನ ಗುಂಡಿ ಒತ್ತಿದರೆ ಲೇಬಲ್‌ಗಳ ಪಟ್ಟಿ ಬರುತ್ತದೆ, ‘ಕಡತ’ ಮಾತ್ರ ಉಳಿಸಿ. ಮುಂದಿನ ಹಂತದಲ್ಲಿ ಒಮ್ಮೆ ಮಾತ್ರವೋ, ಒಂದು ವರ್ಷದವರೆಗೆ ಎರಡು ತಿಂಗಳಿಗೊಮ್ಮೆಯೋ ಎಂದು ಕೇಳುತ್ತದೆ, ಎರಡನೆಯದು ಒಳ್ಳೆಯದು. ಸಿದ್ಧವಾದಾಗ ಮೇಲ್‌ಗೆ ಕೊಂಡಿ ಬರುತ್ತದೆ. ಅದು ಸುಮಾರು ಒಂದು ವಾರ ಮಾತ್ರ ಜೀವಂತ, ಆದ್ದರಿಂದ ಅಂದೇ ಇಳಿಸಿಕೊಳ್ಳಿ. ಸಿಗುವುದು ಎಲ್ಲ ಮೇಲ್ ಒಟ್ಟಿಗೆ ಇರುವ ಎಂಬಾಕ್ಸ್ (mbox) ಕಡತ. ಇದನ್ನು ಡಬಲ್ ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ, ‘ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ’ ಆ್ಯಡ್‌ಆನ್ ಹಾಕಿದ ಥಂಡರ್‌ಬರ್ಡ್‌ನಲ್ಲಿ ತೆರೆಯಬೇಕು.

ಮೇಲ್ ಉಳಿದರೂ ಒಳಗಿನ ಸರಕು ಉಳಿಯದೆ ಇರಬಹುದು. ಜಿಮೇಲ್‌ನಲ್ಲಿ 25 ಎಂಬಿ ಮೀರಿದ ಲಗತ್ತು ಡ್ರೈವ್ ಕೊಂಡಿಯಾಗಿ ಬರುತ್ತದೆ, ಕಳುಹಿಸಿದವರು ತಮ್ಮ ಡ್ರೈವ್‌ನಿಂದ ಅಳಿಸಿದರೆ ನಿಮ್ಮ ಬಳಿ ಉಳಿಯುವುದು ಸತ್ತ ಕೊಂಡಿ. ‘ಇಲ್ಲಿ ಕ್ಲಿಕ್ ಮಾಡಿ ಡೌನ್‌ಲೋಡ್ ಮಾಡಿಕೊಳ್ಳಿ’ ಎನ್ನುವ ಬಿಲ್‌ಗಳ ಕತೆಯೂ ಅಷ್ಟೇ. ಇಂಥವನ್ನು ಬಂದ ದಿನವೇ ಪಿಡಿಎಫ್ ಆಗಿ ಇಳಿಸಿಡಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಪಾಸ್‌ವರ್ಡ್ ಇದ್ದರೆ, ತೆರೆದು ‘ಪ್ರಿಂಟ್’ ಕೊಟ್ಟು ‘ಸೇವ್ ಆ್ಯಸ್ ಪಿಡಿಎಫ್’ ಮಾಡಿದರೆ ಬೀಗವಿಲ್ಲದ ಪ್ರತಿ ಸಿಗುತ್ತದೆ. ಪಾಸ್‌ವರ್ಡ್ ಹುಟ್ಟಿದ ದಿನಾಂಕವೋ, ಆಗಿದ್ದ ಮೊಬೈಲ್ ಸಂಖ್ಯೆಯೋ, ಎಂಟು ವರ್ಷದ ನಂತರ ಯಾರಿಗೆ ನೆನಪಿರುತ್ತದೆ? ಬೀಗವಿಲ್ಲದ ಪ್ರತಿಯನ್ನು ಮಾತ್ರ ಎಲ್ಲರ ಕೈಗೆ ಸಿಗುವ ಪೆನ್‌ಡ್ರೈವ್‌ನಲ್ಲಿ ಇಡಬೇಡಿ. ಡಿಸ್ಕಿಗೆ ಹಾಕಿದ ಮೇಲೆ ಅದನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ಹಳೆಯದೊಂದು, ಹೊಸದೊಂದು ಮೇಲನ್ನು ಲಗತ್ತಿನ ಸಮೇತ ತೆರೆದು ನೋಡಿ. ಲಗತ್ತು ತೆರೆಯದಿದ್ದರೆ ಸರ್ವರ್‌ನಲ್ಲಿರುವ ಮೂಲವನ್ನು ಮುಟ್ಟಬೇಡಿ, ಪ್ರತಿಯನ್ನು ಮತ್ತೆ ತೆಗೆಯಿರಿ.