ಯಹೂದಿ ಶಾಲೆಯ ನಕ್ಷೆ: ಮೊದಲು ನೀರಿನ ಲೆಕ್ಕ

ನ್ಯೂಯಾರ್ಕಿನ ಬ್ರೂಕ್ಲಿನ್‌ನಂಥ ಕಡೆ ಸಂಪ್ರದಾಯಸ್ಥ ಯಹೂದಿಗಳ ಶಾಲೆಗೆ ನಕ್ಷೆ ಬರೆಯುವಾಗ ತರಗತಿಗಳ ಲೆಕ್ಕ ಬೇಗ ಮುಗಿಯುತ್ತದೆ. ತಲೆ ತಿನ್ನುವುದು ನಲ್ಲಿ, ಅಡುಗೆಮನೆ, ಬಾಗಿಲು. ಪಂಥದಿಂದ ಪಂಥಕ್ಕೆ ಪದ್ಧತಿ ಬದಲಾಗುವುದರಿಂದ ಸಮುದಾಯದ ರಬ್ಬಿಯನ್ನು (ಧರ್ಮಗುರುವನ್ನು) ಮೊದಲೇ ಕೇಳಿಕೊಳ್ಳಿ.

ಬ್ರೆಡ್ ತಿನ್ನುವ ಮುನ್ನ ಮಕ್ಕಳು ಎರಡು ಹಿಡಿಕೆಯ ಚೊಂಬಿನಿಂದ ಒಂದೊಂದು ಕೈಗೂ ನೀರು ಸುರಿದುಕೊಳ್ಳಬೇಕು. ಆಮೇಲೆ ತುತ್ತು ಬಾಯಿಗೆ ಹೋಗುವ ತನಕ ಮಾತಾಡುವಂತಿಲ್ಲ. ಹಾಗಾಗಿ ಬೇಸಿನ್‌ಗಳು ಊಟದ ಕೋಣೆಯ ಬಾಗಿಲಲ್ಲೇ ಇರಲಿ, ಶೌಚಾಲಯದೊಳಗಿನದು ಇದಕ್ಕಾಗದು. ಒಬ್ಬರಿಗೆ 20 ಸೆಕೆಂಡ್ ಎಂದರೂ 120 ಮಕ್ಕಳಿಗೆ ಒಂದೇ ನಲ್ಲಿಯಾದರೆ 40 ನಿಮಿಷ, ಎಂಟಾದರೆ ಐದು. ನಲ್ಲಿಯ ಬಾಯಿಂದ ಬೇಸಿನ್ ತಳಕ್ಕೆ 25–30 ಸೆಂ.ಮೀ. ಬಿಡಿ. ಕಚೇರಿಗಳಲ್ಲಿ ಹಾಕುವ ಗಿಡ್ಡ ನಲ್ಲಿಯ ಕೆಳಗೆ ಚೊಂಬು ತೂರುವುದೇ ಇಲ್ಲ, ನೀರೆಲ್ಲ ನೆಲಕ್ಕೆ. ಶಬ್ಬತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿ ದಿನ) ದಿನವೂ ಕಟ್ಟಡ ತೆರೆದಿರುವುದಾದರೆ ಸೆನ್ಸರ್ ನಲ್ಲಿ, ಸೆನ್ಸರ್ ಫ್ಲಶ್, ತಾನಾಗಿ ಹೊತ್ತುವ ದೀಪ ಬೇಡ: ಅಂದು ವಿದ್ಯುತ್ ಉಪಕರಣ ಚಾಲೂ ಮಾಡುವಂತಿಲ್ಲ. ದೀಪಗಳಿಗೆ ಟೈಮರ್ ಸಾಕು.

ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಅಡುಗೆಮನೆಯಲ್ಲಿ ಮಾಂಸಕ್ಕೂ ಹಾಲಿಗೂ ಸಿಂಕ್, ಒಲೆ, ಪಾತ್ರೆ, ಕಪಾಟು ಬೇರೆ ಬೇರೆ. ಹೊಗೆ ಹೀರುವ ಚಿಮಣಿಯನ್ನು ಮಾತ್ರ ಹಣ ಉಳಿಸಲು ಒಂದೇ ಮಾಡಿಬಿಡುತ್ತಾರೆ. ಮಾಂಸದ ಸಾರಿನ ಹಬೆ ಅಲ್ಲಿ ತಣಿದು ಹಾಲಿನ ಪಾತ್ರೆಗೆ ತೊಟ್ಟಿಕ್ಕಿದರೆ ಆ ಅಡುಗೆ ತಿನ್ನಬಹುದೇ ಎಂಬ ಪ್ರಶ್ನೆ ರಬ್ಬಿಯ ಮುಂದೆ ಹೋಗುತ್ತದೆ. ಜಾಗ ಸಾಲದಿದ್ದರೆ ಹಾಲಿನ ಅಡುಗೆಮನೆ ಒಂದನ್ನೇ ಕಟ್ಟುವುದು ನಮ್ಮ ಸಲಹೆ.

ಬಾಗಿಲ ಬಲಗಂಬಕ್ಕೆ, ಅಂದರೆ ಒಳಗೆ ಹೋಗುವವರ ಬಲಕ್ಕೆ, ಮೆಝುಝಾ ಬರುತ್ತದೆ: ಚರ್ಮದ ಹಾಳೆಯಲ್ಲಿ ಕೈಯಿಂದ ಬರೆದ, ಯಹೂದಿ ಧರ್ಮಗ್ರಂಥವಾದ ತೋರಾದ ವಚನ. ಶೌಚಾಲಯಕ್ಕೆ ಇಲ್ಲ. ಮೇಲಿನ ಮೂರನೇ ಒಂದು ಭಾಗ ಶುರುವಾಗುವಲ್ಲಿ, 210 ಸೆಂ.ಮೀ. ಬಾಗಿಲಿಗೆ ಸುಮಾರು 140ರಲ್ಲಿ, ಅದರ ಸ್ಥಾನ. ಅಶ್ಕೆನಾಝಿಗಳು (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿಗಳು) ಮೇಲ್ತುದಿಯನ್ನು ಒಳಕ್ಕೆ ವಾಲಿಸುತ್ತಾರೆ, ಸೆಫಾರ್ಡಿಗಳು (ಸ್ಪೇನ್, ಪೋರ್ಚುಗಲ್ ಮೂಲದವರು) ನೆಟ್ಟಗೆ ಇಡುತ್ತಾರೆ. ಸ್ವಿಚ್ ಬೋರ್ಡನ್ನೋ ಕಾರ್ಡ್ ರೀಡರನ್ನೋ ಅಲ್ಲೇ ಕೂರಿಸಬೇಡಿ.

ಪ್ರಾರ್ಥನೆಯ ಕೋಣೆಯಲ್ಲಿ ತೋರಾ ಸುರುಳಿಗಳನ್ನಿಡುವ ಪೆಟ್ಟಿಗೆ ಜೆರುಸಲೇಮಿನ ಕಡೆಯ, ಬ್ರೂಕ್ಲಿನ್‌ನಲ್ಲಿ ಪೂರ್ವದ, ಗೋಡೆಗೆ. ಆ ಗೋಡೆಯ ಹಿಂದೆ ಶೌಚಾಲಯ ಬಾರದಂತೆ ನೋಡಿಕೊಳ್ಳಿ.

ಸುಕ್ಕೋತ್ ಹಬ್ಬದ ಚಪ್ಪರಕ್ಕೆ ಅಂಗಳದಲ್ಲಿ ಜಾಗ ಗುರುತಿಸಿ. ಮೇಲೆ ಬಾಲ್ಕನಿಯಾಗಲಿ, ಮರದ ಕೊಂಬೆಯಾಗಲಿ ಚಾಚಿರಬಾರದು. ನೆರಳಿಗೆಂದು ಇಂದು ನೆಟ್ಟ ಸಸಿ ಹತ್ತು ವರ್ಷಕ್ಕೆ ಆ ಜಾಗವನ್ನೇ ಕೆಡಿಸುತ್ತದೆ. ಚಪ್ಪರದ ಕಂಬಕ್ಕೆ ನೆಲದಲ್ಲಿ ಕುಳಿ, ಪಕ್ಕದಲ್ಲೊಂದು ನಲ್ಲಿ, ಅಡುಗೆಮನೆಯಿಂದ ಮೆಟ್ಟಿಲಿಲ್ಲದ ದಾರಿ ಇರಲಿ.