ಜಪಾನಿನ ಕೋಬೆಗೆ ಬಂದ ಹೊಸಬರಿಗೆ: ಟಿವಿಯ 3ನೇ ಬಟನ್

"ಮೊಬೈಲ್‌ನಲ್ಲೇ ಕನ್ನಡ ಸುದ್ದಿ ಬರುತ್ತಲ್ಲ, ಇಲ್ಲಿನ ಟಿವಿ ಯಾಕೆ?" ಬಂದವರೆಲ್ಲ ಕೇಳುವುದು ಇದನ್ನೇ. ಭೂಮಿ ನಡುಗಿದಾಗ ನಿಮ್ಮ ಬೀದಿಯ ಸುದ್ದಿ ಬೆಂಗಳೂರಿನಿಂದ ಬರುವುದಿಲ್ಲ, ಅದಕ್ಕೇ.

ರಿಮೋಟ್‌ನಲ್ಲಿ 3 ಒತ್ತಿದರೆ ಸನ್ ಟಿವಿ. ಚೆನ್ನೈನ ಸನ್ ಟಿವಿಗೂ ಇದಕ್ಕೂ ನಂಟಿಲ್ಲ. 1969ರ ಮೇ ತಿಂಗಳಲ್ಲಿ ಪ್ರಸಾರ ಶುರು ಮಾಡಿದ ಇದು ನಮ್ಮ ಕೋಬೆ ಇರುವ ಹ್ಯೋಗೊ ಪ್ರಾಂತ್ಯದ ಸ್ವತಂತ್ರ ವಾಹಿನಿ. ಟೋಕಿಯೊದ ಯಾವ ಜಾಲಕ್ಕೂ ಸೇರಿಲ್ಲ. ಒಸಾಕದ ವಾಹಿನಿಗಳು ಒಸಾಕ, ಕೋಬೆ ಎಲ್ಲ ಸೇರಿದ ಇಡೀ ಕನ್ಸಾಯ್ ಪ್ರದೇಶಕ್ಕೆ ಸುದ್ದಿ ಹೇಳಬೇಕು, ಇದು ಹ್ಯೋಗೊ ಒಂದರ ಮೇಲೇ ಕಣ್ಣಿಟ್ಟಿರುತ್ತದೆ. ಹಾನ್‌ಶಿನ್ ಟೈಗರ್ಸ್ ಬೇಸ್‌ಬಾಲ್ ಪಂದ್ಯವನ್ನು ಮುಗಿಯುವವರೆಗೂ ತೋರಿಸುವುದಕ್ಕೆ ಊರವರಿಗೆಲ್ಲ ಅಚ್ಚುಮೆಚ್ಚು. ಮಕ್ಕಳೊಡನೆ ಕೂತು ನೋಡಿ, ಶಾಲೆಯಲ್ಲಿ ಅವರಿಗೆ ಮಾತಿಗೆ ವಿಷಯ ಸಿಗುತ್ತದೆ.

1995ರ ಜನವರಿ 17, ಬೆಳಗಿನ ಜಾವ 5:46. ಕೋಬೆಯ ಮಹಾ ಭೂಕಂಪದಲ್ಲಿ 6,434 ಜನ ತೀರಿಹೋದರು. ಆಗ ಈ ವಾಹಿನಿ ಜಾಹೀರಾತು ಬಿಟ್ಟು ದಿನಗಟ್ಟಲೆ ಭೂಕಂಪದ ಸುದ್ದಿಯನ್ನೇ ಕೊಟ್ಟಿತು. ಇಲ್ಲಿನ ಹಿರಿಯರು ಇಂದಿಗೂ ಅದನ್ನು ನೆನೆಯುತ್ತಾರೆ.

ನಮ್ಮವರು ಮಾತ್ರ ಅಲುಗಿದ ಕೂಡಲೇ ವಾಟ್ಸಾಪ್ ಗುಂಪಿನಲ್ಲಿ "ಏನಾಯ್ತು? ಏನಾಯ್ತು?" ಅಂತ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ಅಲುಗಾಟ ನಿಲ್ಲುವವರೆಗೆ ಮೇಜಿನ ಕೆಳಗೆ ಇರಿ, ಆಮೇಲೆ ಟಿವಿ ಹಾಕಿ. ಚಿತ್ರ ಕುಗ್ಗಿ, ಪಕ್ಕಕ್ಕೂ ಕೆಳಕ್ಕೂ ಅಕ್ಷರದ ಪಟ್ಟಿ ಬಂದರೆ ಅದು ತುರ್ತು ಮಾಹಿತಿ. ಅದರಲ್ಲಿ ನಿಮ್ಮ ವಾರ್ಡಿನ ಹೆಸರು ಗುರುತಿಸಲು ಬರಬೇಕು. ಆ ಕಾಂಜಿ ಅಕ್ಷರಗಳನ್ನು ಈ ವಾರವೇ ಬರೆದು ಫ್ರಿಜ್‌ಗೆ ಅಂಟಿಸಿ. "ಶಿಂದೊ" ಅಂದರೆ ನೀವಿರುವ ಕಡೆ ನೆಲ ಎಷ್ಟು ನಡುಗಿತು ಅನ್ನುವ ಅಳತೆ. ಮ್ಯಾಗ್ನಿಟ್ಯೂಡ್ ಬೇರೆ, ಅದು ಭೂಕಂಪದ ಒಟ್ಟು ಬಲದ ಅಳತೆ. ಎರಡನ್ನೂ ಕಲಸಿ ಊರಿಗೆ ಫೋನ್ ಮಾಡಿ ಅಪ್ಪ ಅಮ್ಮನನ್ನು ಹೆದರಿಸಬೇಡಿ. "ನಿಗೆತೆ" ಎಂದು ಕೇಳಿಸಿದರೆ ಓಡಿ ಅಂತ ಅರ್ಥ. ಪಾಸ್‌ಪೋರ್ಟ್ ಹುಡುಕುತ್ತಾ ನಿಲ್ಲಬೇಡಿ.

ಟೋಕಿಯೊದಿಂದ ಬಂದವರು, ಹಳೇ ಟಿವಿ ಕೊಂಡವರು ಪಿನ್‌ಕೋಡ್ ಬದಲಿಸಿ ಚಾನೆಲ್‌ಗಳನ್ನು ಮತ್ತೆ ಹುಡುಕಿಸಬೇಕು. ಇಲ್ಲದಿದ್ದರೆ ರಿಮೋಟ್‌ನಲ್ಲಿ ಊರಿನ ಮಾಹಿತಿ ತೋರಿಸುವ "ಡಿ" ಬಟನ್ ಒತ್ತಿದಾಗ ಬರುವುದು ಬೇರೆ ಊರಿನ ಎಚ್ಚರಿಕೆ.

ಉಳಿದವು:
1, 2 – ಎನ್‌ಎಚ್‌ಕೆ (ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ)
4, 6, 8, 10 – ಒಸಾಕದ ವಾಹಿನಿಗಳು
ಸಂಜೆ 7ರ ಎನ್‌ಎಚ್‌ಕೆ ಸುದ್ದಿ – ಧ್ವನಿ ಬದಲಿಸುವ ಬಟನ್ ಒತ್ತಿದರೆ ಇಂಗ್ಲಿಷ್‌ನಲ್ಲಿ
ಸನ್ ಟಿವಿ ನೋಡಲು ಹಣ ಕೊಡಬೇಕಿಲ್ಲ. ಟಿವಿ ಇಟ್ಟರೆ ಎನ್‌ಎಚ್‌ಕೆಗೆ ಮಾತ್ರ ಶುಲ್ಕ ಕಟ್ಟಬೇಕು, ಅದು ಕಾನೂನು.